ಹಳದಿ ಚೀಟಿಯ ಮೊದಲ ಸಾಲು

ಅಕ್ಕ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಳದಿ ಚೀಟಿಯನ್ನು ನಾನು ಮೊದಲು ನೋಡಿದ್ದು ಹಾಲು ತೆಗೆಯಲು ಹೋದಾಗ. ಮಡಚಿದ ಕಾಗದದ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ಅದರಲ್ಲಿ ಅಚ್ಚಾದ ಪ್ರಶ್ನೆ: 'ಹುಷಾರು ತಪ್ಪುತ್ತಿದೆ ಅನ್ನಿಸಿದರೆ ಯಾರಿಗೆ ಫೋನ್ ಮಾಡುತ್ತೀರಿ?' ಮೊದಲ ಸಾಲಿನಲ್ಲಿ ಅಕ್ಕನ ಗುಂಡಗಿನ ಅಕ್ಷರ: 'ಇಸ್ತ್ರಿ ಅಕ್ಕ'. ಪಕ್ಕದಲ್ಲಿ ನಂಬರು. ಎರಡನೆಯ ಸಾಲು ಖಾಲಿ.

ಖಾಲಿ ಇದ್ದದ್ದೇ ಹೆಚ್ಚು ಚುಚ್ಚಿತು. ಬೇರೆ ಯಾರದೋ ಹೆಸರಿದ್ದರೆ ಜಾಗ ಇರಲಿಲ್ಲ ಅಂದುಕೊಳ್ಳಬಹುದಿತ್ತು.

"ಅಮ್ಮಾ, ಇದು ನೋಡಿದ್ಯಾ?"

ಅಮ್ಮ ಬಟಾಣಿ ಸುಲಿಯುತ್ತಿದ್ದಳು. "ನೋಡ್ದೆ. ನನ್ನ ಹೆಸರೂ ಇಲ್ಲ. ನಾನು ಸುಮ್ನೆ ಬಟಾಣಿ ಸುಲೀತಾ ಇಲ್ವಾ?"

"ನಿನ್ನ ವಿಷಯ ಬೇರೆ."

"ಹೌದಮ್ಮಾ. ನನ್ನದು ಬರೀ ಹೆತ್ತ ಹೊಟ್ಟೆ. ನಿನ್ನದು ಉರಿಯೋ ಹೊಟ್ಟೆ."

ಅಕ್ಕನ ಕಾಯಿಲೆಗೆ ಏಳು ವರ್ಷ. ತಲೆಯೊಳಗೆ ಯಾರೋ ಮಾತಾಡುತ್ತಾರೆ ಎಂದು ಅವಳು ಮೊದಲು ಹೇಳಿದ್ದು ನನಗೆ, ಅಮ್ಮನಿಗಲ್ಲ, ಡಾಕ್ಟರಿಗಲ್ಲ. ಅಂದಿನಿಂದ ನನ್ನ ಡೈರಿ ಅರ್ಧ ನನ್ನದು, ಅರ್ಧ ಅವಳದು. ಎಷ್ಟು ಗಂಟೆ ನಿದ್ದೆ ಮಾಡಿದಳು, ಮಾತ್ರೆ ನುಂಗಿದಳೋ ಉಗುಳಿದಳೋ, ಒಂದೇ ಲೋಟವನ್ನು ಎಷ್ಟು ಸಲ ತೊಳೆದಳು, ಎಲ್ಲ ಅದರಲ್ಲಿದೆ. ಡಾಕ್ಟರ ಮುಂದೆ ಅಕ್ಕ ಬಾಯಿ ಬಿಡದೆ ಕೂತಾಗ ನಾನು ಪುಟ ತಿರುವಿ ಓದುತ್ತಿದ್ದೆ. 'ಇಂಥ ತಂಗಿ ಇರೋದು ಪುಣ್ಯ' ಎಂದು ಡಾಕ್ಟರು ಒಮ್ಮೆ ಹೇಳಿದ್ದನ್ನೂ ಬರೆದುಕೊಂಡಿದ್ದೇನೆ. ನಾಲ್ಕು ಜನ ಇದ್ದ ಕಡೆ ಮೂಲೆ ಹಿಡಿಯುವ ನನಗೆ ಆ ಒಂದು ಕೋಣೆಯಲ್ಲಿ ಮಾತ್ರ ದನಿ ಬರುತ್ತಿತ್ತು.

ಇಸ್ತ್ರಿ ಅಕ್ಕ ಬಂದು ಇನ್ನೂ ಆರು ತಿಂಗಳು. ನಾನು ಪುಸ್ತಕಗಳಿಗೆ ಲೇಬಲ್ ಅಂಟಿಸುವ ಗ್ರಂಥಾಲಯದ ಮಹಡಿಯಲ್ಲಿ ಪ್ರತಿ ಶನಿವಾರ ಒಂದು ಗುಂಪು ಸೇರುತ್ತದೆ. ಮನಸ್ಸಿನ ಕಾಯಿಲೆ ಇದ್ದವರಿಗೆ ಅದೇ ಕಾಯಿಲೆ ಇದ್ದವರೇ ಕಲಿಸುತ್ತಾರೆ. ಮಾತ್ರೆಯಿಂದ ಕೈ ನಡುಗಿದರೆ ಡಾಕ್ಟರಿಗೆ ಹೇಗೆ ಹೇಳುವುದು, ಒಬ್ಬರೇ ಬಸ್ಸು ಹತ್ತುವುದು, ಇಷ್ಟು ವರ್ಷ ಯಾಕೆ ಕೆಲಸಕ್ಕೆ ಹೋಗಲಿಲ್ಲ ಎಂದು ಕೇಳಿದರೆ ಏನು ಉತ್ತರಿಸುವುದು, ಇಂಥವು. ಹಳದಿ ಚೀಟಿಯೂ ಅಲ್ಲಿ ಕೊಟ್ಟದ್ದೇ. ಅದರ ಸೂಚನೆಯನ್ನು ಹಲಗೆಗೆ ಪಿನ್ನು ಚುಚ್ಚಿ ಹಾಕಿದ್ದು ನಾನೇ. ಅಕ್ಕನನ್ನು ಮೆಟ್ಟಿಲವರೆಗೆ ಕರೆದುಕೊಂಡು ಹೋಗಿ ಬಿಟ್ಟದ್ದೂ ನಾನೇ. ಕೈಯಾರೆ ಕೊಟ್ಟು ಬಂದಂತಾಯಿತು.

ಗುಂಪು ನಡೆಸುವವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು. ಅವಳಿಗೂ ದನಿಗಳು ಕೇಳಿಸುತ್ತವೆ; ಅವುಗಳನ್ನು ಅವಳು 'ನಮ್ಮ ಬಾಡಿಗೆಯವರು' ಎನ್ನುತ್ತಾಳೆ. "ಇವತ್ತು ನಮ್ಮ ಬಾಡಿಗೆಯವರು ಇನ್ನೂ ಎದ್ದಿಲ್ಲ ಕಣ್ರೇ, ಪುಣ್ಯ" ಎಂದು ಅವಳು ಹೇಳಿದ್ದನ್ನು ಅಕ್ಕ ಮನೆಗೆ ಬಂದು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ದನಿಗಳನ್ನು ನೆನೆದು ನಗಬಹುದು ಎಂದು ನನಗೆ ಏಳು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಆಮೇಲೆ ಅಕ್ಕ ಲಾಂಡ್ರಿಯಲ್ಲೇ ಅರ್ಧ ದಿನ ಅಂಗಿ ಮಡಚುವ ಕೆಲಸ ಕಲಿತಳು. ಮನೆಯಲ್ಲಿ ಎಲ್ಲಕ್ಕೂ 'ಅಕ್ಕ ಹೀಗಂದ್ರು, ಅಕ್ಕ ಹಾಗಂದ್ರು'. ನನ್ನ ಅಕ್ಕನಿಗೂ ಒಬ್ಬ ಅಕ್ಕ ಸಿಕ್ಕಿದ್ದಳು. ನಾನು ಎಲ್ಲಿದ್ದೆನೋ ಅಲ್ಲೇ ತಂಗಿ.

"ಈ ಶನಿವಾರ ಮನೆಯವರೂ ಬರಬೇಕಂತೆ. ಬರ್ತೀಯಾ?" ಎಂದು ಅಕ್ಕ ಕೇಳಿದಾಗ ತಕ್ಷಣ ಹೂಂ ಅಂದೆ. ಮೊದಲ ಸಾಲಿಗೆ ಯಾರು ಲಾಯಕ್ಕು ಎಂದು ಎಲ್ಲರೂ ಕಣ್ಣಾರೆ ನೋಡಲಿ.

ಮಹಡಿಯ ಕೋಣೆಯಲ್ಲಿ ಹತ್ತು ಹನ್ನೆರಡು ಮಡಚು ಕುರ್ಚಿಗಳು. ಬೋರ್ಡಿನ ಮೇಲೆ ಸರಿಯಾಗಿ ಅಳಿಸದ ಹಳೆಯ ಪಾಠ: 'ಆಗುವುದಿಲ್ಲ ಎಂದು ಹೇಳುವುದು ಹೇಗೆ'. ಇಸ್ತ್ರಿ ಅಕ್ಕನ ಮೊಣಕೈ ಕೆಳಗೆ ಸುಟ್ಟ ಗಾಯದ ಉದ್ದ ಕಲೆ.

"ಬಾ ತಂಗೀ! ನಿನ್ನ ಬಗ್ಗೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ."

ಒಳ್ಳೆಯದು ಕೇಳಿದ್ದೋ ಕೆಟ್ಟದ್ದೋ, ಮುಖದಿಂದ ತಿಳಿಯಲಿಲ್ಲ.

ಅಂದಿನ ಅಭ್ಯಾಸ ಫೋನಿನದು. ಎರಡು ಕುರ್ಚಿ ಬೆನ್ನಿಗೆ ಬೆನ್ನು ಹಾಕಿ, ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಕೂರಬೇಕು. ಕಷ್ಟದಲ್ಲಿರುವವರು ಕರೆ ಮಾಡಬೇಕು, ಮನೆಯವರು ಎತ್ತಬೇಕು. ಮೊದಲು ನಾವೇ.

"ಹಲೋ," ಎಂದಳು ಅಕ್ಕ ನನ್ನ ಬೆನ್ನ ಹಿಂದಿನಿಂದ. "ಇವತ್ತು ಯಾಕೋ ಸರಿ ಇಲ್ಲ ಅನ್ನಿಸ್ತಿದೆ."

"ಮಾತ್ರೆ ತಗೊಂಡ್ಯಾ?"

"ಹೂಂ."

"ಯಾವಾಗ? ಊಟಕ್ಕೆ ಮುಂಚೆನಾ, ಆಮೇಲಾ? ನಿದ್ದೆ ಎಷ್ಟು ಗಂಟೆ ಆಯ್ತು? ದನಿ ಕೇಳಿಸ್ತಾ? ಏನಂತು?"

ನೋಡಿದರೆ ನನ್ನ ತೊಡೆಯ ಮೇಲೆ ಡೈರಿ ತೆರೆದಿತ್ತು, ಪೆನ್ನಿನ ಮುಚ್ಚಳ ಬಾಯಲ್ಲಿತ್ತು. ಯಾವಾಗ ತೆಗೆದೆನೋ ಗೊತ್ತಿಲ್ಲ.

"ಏನಿಲ್ಲ, ಸರಿಹೋಯ್ತು. ಇಡ್ತೀನಿ," ಎಂದಳು ಅಕ್ಕ.

"ಫೋನು ಪೊಲೀಸ್ ಸ್ಟೇಷನ್ನಿಗೆ ಹೋಯ್ತು ಕಣ್ರೀ," ಎಂದ ಮೂಲೆಯಲ್ಲಿ ಕೂತಿದ್ದ, ಗುಂಪಿನ ಒಬ್ಬ ಬಡಗಿ. ಕೋಣೆಯೆಲ್ಲ ನಗು.

"ನಗಬೇಡ್ರಪ್ಪಾ. ಮೊದಲ್ನೇ ಸಲ ನಾನು ಇದಕ್ಕಿಂತ ಕೆಟ್ಟದಾಗಿ ಮಾಡಿದ್ದೆ. ಅರ್ಧ ಗಂಟೆ ಭಾಷಣ ಬಿಗಿದಿದ್ದೆ," ಎಂದಳು ಇಸ್ತ್ರಿ ಅಕ್ಕ. ಅವಳೂ ನಕ್ಕಿದ್ದರೆ ಎಷ್ಟೋ ಹಾಯೆನಿಸುತ್ತಿತ್ತು. ನನ್ನ ಪರ ವಹಿಸಿಬಿಟ್ಟಳು.

ನಾನೆದ್ದ ಕುರ್ಚಿಯಲ್ಲಿ ಅವಳು ಕೂತಳು. ಅಕ್ಕ ಅದೇ ಮಾತು ಹೇಳಿದಳು. ಅವಳು "ಹೂಂ" ಅಂದಳು. ಅಷ್ಟೆ. ನಾನು ಗೋಡೆ ಗಡಿಯಾರದ ಸೆಕೆಂಡು ಎಣಿಸಿದೆ. ಇಪ್ಪತ್ತು, ಮೂವತ್ತು, ನಲವತ್ತು. ಫೋನು ಕಟ್ಟಾಯಿತೇನೋ ಎನ್ನುವಷ್ಟು ಹೊತ್ತಾದ ಮೇಲೆ ಅಕ್ಕ ತಾನಾಗಿ ಬಾಯಿಬಿಟ್ಟಳು.

"ಬಸ್ಸಲ್ಲಿ ಎಲ್ಲರೂ ನನ್ನ ವಿಷಯಾನೇ ಮಾತಾಡ್ತಾರೆ ಅನ್ಸುತ್ತೆ. ಹೌದೋ ಅಲ್ವೋ ಗೊತ್ತಾಗಲ್ಲ. ಅದಕ್ಕೇ ಎಷ್ಟೋ ಸಲ ಒಂದು ಸ್ಟಾಪ್ ಮುಂಚೇನೇ ಇಳಿದುಬಿಡ್ತೀನಿ."

"ಹೂಂ. ಈಗ ಎಲ್ಲಿ ಕೂತಿದ್ದೀಯ?"

"ಮೆಟ್ಟಿಲ ಮೇಲೆ."

"ನಾನು ಬರಲಾ, ನೀನು ಬರ್ತೀಯಾ?"

"ನಾನೇ ಬರ್ತೀನಿ."

ಒಂದು ಸ್ಟಾಪ್ ಮುಂಚೆ ಇಳಿಯುವ ವಿಷಯ ನನ್ನ ಡೈರಿಯ ಯಾವ ಪುಟದಲ್ಲೂ ಇರಲಿಲ್ಲ.

ಮನೆಗೆ ಬಂದು, ಅಕ್ಕ ಸ್ನಾನಕ್ಕೆ ಹೋದಾಗ, ಹಳದಿ ಚೀಟಿಯ ಮಡಿಕೆ ಬಿಡಿಸಿದೆ. ಒಳಗೆ 'ಹುಷಾರು ತಪ್ಪುವ ಮುಂಚಿನ ಗುರುತುಗಳು'. ಒಂದು, ಹಲ್ಲುಜ್ಜಲು ಬೇಸರ. ಎರಡು, ಬಸ್ಸಿನಿಂದ ಬೇಗ ಇಳಿಯುವುದು. ಮೂರು, ತಂಗಿ ನನ್ನನ್ನು ನೋಡಿ ಡೈರಿ ತೆಗೆಯುವುದು. ನಾಲ್ಕನೆಯದೂ ಇತ್ತು, ನಾನು ಓದಲಿಲ್ಲ.

ಅಕ್ಕ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಳು.

"ನಾನು ನಿನ್ನ ಕಾಯಿಲೆಯ ಗುರುತಾ?"

"ನೀನಲ್ಲ ಕಣೇ, ಡೈರಿ. ನೀನು ಪೆನ್ನು ತೆಗೆದ್ರೆ ಸಾಕು, ಓಹೋ, ಶುರುವಾಯ್ತು ಅಂತ ಗೊತ್ತಾಗುತ್ತೆ. ನನಗಿಂತ ಮುಂಚೆ ನಿನಗೆ ತಿಳಿಯುತ್ತಲ್ಲ."

"ಮತ್ತೆ ಫೋನ್ ಯಾಕೆ ಅವಳಿಗೆ?"

ಅಕ್ಕ ಟವೆಲ್ ಬಿಚ್ಚಿ ಕೂದಲು ಒರೆಸಿಕೊಂಡಳು. "ಅವರ ಹತ್ರ ಹೇಳಿದ್ದು ಅಲ್ಲಿಗೇ ಹೋಯ್ತು. ನಿನ್ನ ಹತ್ರ ಹೇಳಿದ್ದು ತಾರೀಖು ಸಮೇತ ಉಳಿಯುತ್ತೆ."

ಮೂರು ದಿನ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಡೈರಿಯಲ್ಲಿ ಇಸ್ತ್ರಿ ಅಕ್ಕನ ದೋಷಗಳನ್ನು ಬರೆದೆ: ಜೋರು ನಗು, ಎಲ್ಲರನ್ನೂ ಏಕವಚನದಲ್ಲಿ ಕರೆಯುವುದು, ಚಹಾ ಸೊರ್ರೆಂದು ಹೀರುವುದು. ಒಂದು ಪುಟವೂ ತುಂಬಲಿಲ್ಲ.

ಬುಧವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಲೇಬಲ್ ಅಂಟಿಸುತ್ತಿದ್ದಾಗ ಫೋನು ಬಂತು.

"ಹಲೋ," ಎಂದಳು ಅಕ್ಕ. "ಇವತ್ತು ಸರಿ ಇಲ್ಲ ಅನ್ನಿಸ್ತಿದೆ."

ಅಭ್ಯಾಸವೋ ನಿಜವೋ? ಮುಖ ಕಾಣುವಂತಿರಲಿಲ್ಲ. ಮಾತ್ರೆ, ನಿದ್ದೆ, ಊಟ, ಎಲ್ಲ ಪ್ರಶ್ನೆಗಳೂ ನಾಲಿಗೆ ತುದಿಗೆ ಬಂದು ಸಾಲಾಗಿ ನಿಂತವು. ಎಡಗೈ ಡೈರಿ ಇದ್ದ ಡ್ರಾಯರಿನತ್ತ ಹೊರಟಿತ್ತು. ಅದನ್ನು ತೊಡೆಯ ಕೆಳಗಿಟ್ಟು ಮೇಲೆ ಕೂತೆ.

"ಹೂಂ," ಅಂದೆ.

ಎಣಿಸಲಿಲ್ಲ. ಎಣಿಸಿದರೆ ಎಣಿಸಿದ್ದು ದನಿಯಲ್ಲಿ ಗೊತ್ತಾಗುತ್ತದೆಂದು ಹೆದರಿಕೆ.

"ಒಬ್ಬರ ಅಂಗಿ ಇನ್ನೊಬ್ಬರಿಗೆ ಕೊಟ್ಟುಬಿಟ್ಟೆ. ಮೇಸ್ತ್ರಿ ಎಲ್ಲರ ಮುಂದೆ ಕೂಗಾಡಿದ. ಆಗಿನಿಂದ ಅವು ಒಳಗೆ ಅವನ ದನಿಯಲ್ಲೇ ಬೈತಾ ಇವೆ." ಅಕ್ಕ ಮೂಗು ಒರೆಸಿದ್ದು ಕೇಳಿಸಿತು. "ಅಕ್ಕ ಇವತ್ತು ರಜಾ. ಫೋನ್ ಎತ್ತಲಿಲ್ಲ. ಅದಕ್ಕೇ ನಿನಗೆ ಮಾಡ್ದೆ."

ಅದಕ್ಕೇ. ಆ ಒಂದು ಪದವನ್ನು ನುಂಗಲು ಎಷ್ಟು ಹೊತ್ತು ಹಿಡಿಯಿತೋ, ಅಕ್ಕ ಅದನ್ನೂ ತಾಳ್ಮೆಯೆಂದು ತಿಳಿದಿರಬೇಕು.

"ಈಗ ಎಲ್ಲಿ ಕೂತಿದ್ದೀಯ?"

"ಹಿಂದಿನ ಕೋಣೆ. ಮಾಸಿದ ಬಟ್ಟೆ ಮೂಟೆ ಮೇಲೆ."

"ನಾನು ಬರಲಾ, ನೀನು ಬರ್ತೀಯಾ?"

"ಅದು ಅಕ್ಕನ ಮಾತು! ಕದ್ದೆ ನೀನು," ಎಂದಳು. ದನಿಯಲ್ಲಿ ಇಷ್ಟೇ ಇಷ್ಟು ನಗು. ಆಮೇಲೆ, "ನೀನೇ ಬಾ."

ಇಸ್ತ್ರಿ ಅಕ್ಕನಿಗೆ 'ನಾನೇ ಬರ್ತೀನಿ' ಎಂದಿದ್ದಳು. ನನಗೆ 'ನೀನೇ ಬಾ'. ದಾರಿಯುದ್ದಕ್ಕೂ ಈ ಎರಡನ್ನು ತೂಗಿ ನೋಡಿದೆ. ಡೈರಿ ಮೇಜಿನ ಡ್ರಾಯರಿನಲ್ಲೇ ಉಳಿದಿತ್ತು. ಮೂಟೆಯ ಮೇಲೆ ಅಕ್ಕನ ಪಕ್ಕ ಕೂತೆ. ಅವಳು ಮೇಸ್ತ್ರಿಯನ್ನು ಬೈದಳು, ಅತ್ತಳು, ಹಸಿವಾಗ್ತಿದೆ ಎಂದಳು. ಅವತ್ತು ಏನೇನು ಹೇಳಿದಳೋ, ಬರೆದಿಡದ ಕಾರಣ ಅರ್ಧ ಮರೆತಿದ್ದೇನೆ.

ಸಂಜೆ ಫ್ರಿಜ್ಜಿನ ಮುಂದೆ ನಿಂತಾಗ ಎರಡನೆಯ ಸಾಲು ತುಂಬಿತ್ತು. 'ತಂಗಿ'. ಪೆನ್ಸಿಲಿನಲ್ಲಿ.

"ಪೆನ್ಸಿಲ್ ಯಾಕೆ? ಬೇಕಾದಾಗ ಅಳಿಸೋಕಾ?"

"ಪೆನ್ನು ಸಿಗಲಿಲ್ಲ ಕಣೇ. ಈ ಮನೆಯ ಪೆನ್ನೆಲ್ಲಾ ನಿನ್ನ ಹತ್ರ ಇವೆಯಲ್ಲ."

ಚೀಲದಿಂದ ಪೆನ್ನು ತೆಗೆದು ಕೊಟ್ಟೆ. ನಾಲಿಗೆ ಕಚ್ಚಿಕೊಂಡು, ಮಗುವಿನಂತೆ, ಅಕ್ಕ ಆ ಎರಡು ಅಕ್ಷರಗಳ ಮೇಲೆ ನಿಧಾನವಾಗಿ ತಿದ್ದಿದಳು. ಶಾಯಿ ಆರುವವರೆಗೂ ನೋಡುತ್ತಾ ನಿಂತೆ. ಅಕ್ಷರ ಗಟ್ಟಿಯಾಗಿಯೇ ಕೂತಿತ್ತು. ಇಸ್ತ್ರಿ ಅಕ್ಕ ಮಾತ್ರ ಇನ್ನೂ ನನ್ನ ಮೇಲಿನ ಸಾಲಿನಲ್ಲೇ ಇದ್ದಳು.