ಸೋನಾಬಾಯಿಯ ಸೋಯಾ ಸೂಪು

ಟೈಫಾಯ್ಡ್‌ನಿಂದ ಎದ್ದ ಸೋನಾಬಾಯಿಯನ್ನು ಮಗ ಹರ್ಷದ ಗಡಹಿಂಗ್ಲಜದಿಂದ ಇಚಲಕರಂಜಿಗೆ ಕರೆತಂದಾಗ ಅವರ ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅರವತ್ತಾರು ವರ್ಷದ, ಓಣಿಗೆಲ್ಲ ಕೇಳುವ ದನಿಯ ಹೆಂಗಸು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ರಕ್ತ ತಪಾಸಣೆ ನೋಡಿದ ಡಾಕ್ಟರು ಸೊಸೆ ಪ್ರಿಯದರ್ಶನಿಗೆ ಹೇಳಿದ್ದು ಒಂದೇ ಮಾತು.

"ರಕ್ತದಾಗ ಪ್ರೋಟೀನ್ ಭಾಳ ಕಡಿಮಿ ಆಗೇತ್ರಿ. ದಿನಕ್ಕ ಐವತ್ತು ಗ್ರಾಂ ಹೊಟ್ಟಿಗೆ ಹೋಗಬೇಕು."

ಐವತ್ತು ಗ್ರಾಂ ಎಲ್ಲಿಂದ ತರುವುದು? ಜೈನರ ಮನೆ, ತತ್ತಿ ನಡೆಯುವುದಿಲ್ಲ. ಕಟ್ಟಿಸಿದ ಹಲ್ಲು ಸಡಿಲಾಗಿದ್ದರಿಂದ ಸೋನಾಬಾಯಿಗೆ ಜೋಳದ ಭಾಕರಿ ಅಗಿಯಲು ಬರುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಅವರು ಏನೂ ಮುಟ್ಟುವವರಲ್ಲ. ಇದನ್ನೇ ಯೋಚಿಸುತ್ತ ಕಿರಾಣಿ ಅಂಗಡಿಗೆ ಹೋದ ಪ್ರಿಯದರ್ಶನಿಯ ಕಣ್ಣಿಗೆ ಬಿದ್ದದ್ದು ಸೋಯಾ ನೂಡಲ್ ಸೂಪಿನ ಹಸಿರು ಪ್ಯಾಕೆಟ್ಟು. ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ 'ಪ್ರೋಟೀನ್ ಭರಪೂರ' ಎಂದಿತ್ತು. ಹಿಂದೆ ತಿರುಗಿಸಿದಳು. ಪ್ರೋಟೀನ್, ಇಪ್ಪತ್ತು ಗ್ರಾಂ.

ಬಿ.ಕಾಂ. ಓದಿದವಳು. ನಿಂತಲ್ಲೇ ಲೆಕ್ಕ ಹಾಕಿದಳು: ಮೂರು ಬಟ್ಟಲು ಕೊಟ್ಟರೆ ಅರವತ್ತು. ಹನ್ನೆರಡು ಪ್ಯಾಕೆಟ್ಟು ಒಟ್ಟಿಗೇ ತಂದಳು.

ಸೋನಾಬಾಯಿ ಮೊದಲ ದಿನ ಬಟ್ಟಲೊಳಗೆ ಇಣುಕಿ ನೋಡಿ, "ಇದೇನವಾ, ಶಾವಿಗಿ ಖೀರಿಗೆ ಖಾರ ಹಾಕೀಯೇನು?" ಎಂದರು. ಎರಡನೆಯ ಚಮಚಕ್ಕೆ ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಜ್ವರ ಬಂದಾಗಿನಿಂದ ಸತ್ತಿದ್ದ ನಾಲಿಗೆಗೆ ರುಚಿ ಹತ್ತಿತ್ತು. ಮುಂದೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಐದೂವರೆಗೆ ಒಂದೊಂದು ಬಟ್ಟಲು ಸೂಪು ನಡೆಯಿತು. ಬೇಳೆ, ಅನ್ನ ಮುಂದಿಟ್ಟರೆ "ಹೊಟ್ಟಿ ತುಂಬೇತಿ" ಎಂದು ತಟ್ಟೆ ಸರಿಸುತ್ತಿದ್ದರು. ಪ್ರಿಯದರ್ಶನಿ ಒತ್ತಾಯ ಮಾಡಲಿಲ್ಲ. ಬೇಕಾದದ್ದೆಲ್ಲ ಸೂಪಿನಲ್ಲಿದೆಯಲ್ಲ!

ಮನೆಯ ಕೆಳಗೇ ಹರ್ಷದನ ಪವರ್‌ಲೂಮ್ ಶೆಡ್ಡು. ಅಲ್ಲಿ ನೂಲಿನ ಚೀಲ ತೂಗುವ ಕಾಟಾ ಇತ್ತು. ಮೂರು ವಾರದ ಮೇಲೆ ಒಂದು ರವಿವಾರ, ಮಗ್ಗಗಳು ನಿಂತಿದ್ದ ಹೊತ್ತಿನಲ್ಲಿ ಹರ್ಷದ ತಾಯಿಯನ್ನು ಅದರ ಮೇಲೆ ನಿಲ್ಲಿಸಿದ. ಎರಡೂವರೆ ಕಿಲೋ ಹೆಚ್ಚಾಗಿತ್ತು. "ಶಾಬ್ಬಾಸ್ ಪ್ರಿಯಾ!" ಎಂದ. ಆ ದಿನವಿಡೀ ಪ್ರಿಯದರ್ಶನಿ ನೆಲದ ಮೇಲೆ ಕಾಲಿಡಲಿಲ್ಲ.

ಮರುದಿನ ಅತ್ತೆಯ ಕಾಲಿಗೆ ಎಣ್ಣೆ ಹಚ್ಚಲು ಕೂತಾಗ ಅವಳ ಹೆಬ್ಬೆರಳು ಪಾದದ ಮೇಲೆ ಒತ್ತಿದ ಕಡೆ ಕುಣಿ ಬಿತ್ತು. ಕೈ ತೆಗೆದ ಮೇಲೂ ಕುಣಿ ಹಾಗೇ ಇತ್ತು. ಮೊನ್ನೆಯವರೆಗೆ ಜಾರುತ್ತಿದ್ದ ಬಳೆ ಈಗ ಮಣಿಕಟ್ಟಿನಲ್ಲೇ ಸಿಕ್ಕಿಕೊಂಡಿತ್ತು.

"ಆಯೀ, ಕಾಲು ಬಾತಾವಲ್ರಿ?"

"ಬಾತಿಲ್ಲವಾ, ಮೈ ಹಿಡದೇನಿ. ನಿನ್ನ ಸೂಪಿನ ಗುಣಾನ ಅದು."

ಪ್ರಿಯದರ್ಶನಿಗೆ ನಂಬಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಅಡಿಗೆಮನೆಗೆ ಹೋಗಿ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ಈ ಸಲ ಸಣ್ಣ ಅಕ್ಷರಗಳನ್ನೂ ಓದಿದಳು. ಇಪ್ಪತ್ತು ಗ್ರಾಂ ಪ್ರೋಟೀನ್ ಇದ್ದದ್ದು ನೂರು ಗ್ರಾಂ ಒಣ ನೂಡಲ್‌ಗೆ. ಪ್ಯಾಕೆಟ್ಟಿನ ತೂಕವೇ ಅರವತ್ತು ಗ್ರಾಂ. ಅದರಲ್ಲಿ ಎರಡು ಬಟ್ಟಲು. ಪಕ್ಕದ ಕೋಷ್ಟಕದಲ್ಲಿ ಒಂದು ಬಟ್ಟಲಿಗೆ, ಅಂದರೆ ಇನ್ನೂರೈವತ್ತು ಮಿಲಿಗೆ, ಆರು ಗ್ರಾಂ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ತಯಾರಾದ ಸೂಪು ನೂರು ಮಿಲಿಗೆ ಎರಡು ಪಾಯಿಂಟ್ ನಾಲ್ಕು. ಇಪ್ಪತ್ತೋ, ಆರೋ, ಎರಡೋ? ಯಾವುದು ಸುಳ್ಳು? ಮೂರನ್ನೂ ಕಾಗದದ ಮೇಲೆ ಗೀಚಿದಳು, ಗುಣಿಸಿದಳು, ಭಾಗಿಸಿದಳು. ಮೂರೂ ಸರಿಯಾಗಿಯೇ ಬಂದು ಅವಳ ತಲೆ ಇನ್ನಷ್ಟು ಕೆಟ್ಟಿತು.

ಸಂಜೆ ಹರ್ಷದನಿಗೆ ತೋರಿಸಿದಳು. ಅವನು ಬಹಳ ಹೊತ್ತು ನೋಡಿ, "ಇದರಾಗ ಸೋಡಿಯಮ್ ಅಂತ ಬರದಾರಲ್ಲ, ಅದು ಛಲೋದೋ ಕೆಟ್ಟದ್ದೋ?" ಎಂದು ಕೇಳಿದ. ಮರುದಿನವೇ ಅವಳು ಅತ್ತೆಯನ್ನು ಡಾಕ್ಟರ ಬಳಿ ಕರೆದೊಯ್ದಳು.

ಇಚಲಕರಂಜಿಯ ಡಾಕ್ಟರು ಕಾಲು ಒತ್ತಿ ನೋಡಿ, ರಕ್ತದೊತ್ತಡ ಏರಿದೆ ಎಂದು ಗುಳಿಗೆ ಬರೆದರು. ಊಟದ ಬಗ್ಗೆ ಕೇಳಲು ಕೊಲ್ಹಾಪುರಕ್ಕೆ, ಆಹಾರತಜ್ಞೆ ಮಯೂರಿಯ ಕಡೆ ಕಳಿಸಿದರು. ಮಯೂರಿ ವಯಸ್ಸಿನಲ್ಲಿ ಪ್ರಿಯದರ್ಶನಿಗಿಂತ ಚಿಕ್ಕವಳು. ಚೀಲದಿಂದ ಹೊರಬಂದ ಪ್ಯಾಕೆಟ್ಟನ್ನು ನೋಡಿ ಅವಳು ನಗಲಿಲ್ಲ.

"ಇದರಾಗ ಏನೇನು ಹಾಕ್ಯಾರ ಅನ್ನೋ ಪಟ್ಟಿಯಾಗ ಮೊದಲನೇ ಹೆಸರು ನೋಡ್ರಿ, ಮೈದಾ. ಸೋಯಾ ನೂರಕ್ಕ ಮೂವತ್ತು ಭಾಗ ಅಷ್ಟ. ನೀವು ದಿನಾ ಮೂರು ಬಟ್ಟಲು ಕೊಟ್ರಿ, ಹದಿನೆಂಟು ಗ್ರಾಂ ಪ್ರೋಟೀನ್ ಆತು. ಸೋಡಿಯಮ್ ಅಂದ್ರ ಉಪ್ಪಿನ ಅಂಶ. ಅದು ಈ ಮಸಾಲಿ ಪುಡಿಯಾಗ ಭಾಳ ಐತಿ. ರಕ್ತದಾಗ ಪ್ರೋಟೀನ್ ಕಡಿಮಿ, ಮ್ಯಾಲೆ ಇಷ್ಟು ಉಪ್ಪು. ಮೈಯಾಗ ನೀರು ನಿಂತೇತಿ."

"ಹಂಗಾದ್ರ ಆ ಎರಡೂವರಿ ಕಿಲೋ?"

"ನೀರು ಇದ್ದೀತ್ರಿ."

ಪ್ರಿಯದರ್ಶನಿ ಪ್ಯಾಕೆಟ್ಟನ್ನು ಚೀಲಕ್ಕೆ ತುರುಕಿದಳು. "ಮೇಡಂ, ನನಗ ಒಂದು ತಿಳೀವಲ್ದು. ನಾನು ಹೆಚ್ಚು ಕೊಟ್ಟೆನೋ, ಕಡಿಮಿ ಕೊಟ್ಟೆನೋ?"

"ಎರಡೂ," ಎಂದಳು ಮಯೂರಿ. "ಬೇಕಾದ್ದು ಕಡಿಮಿ, ಬ್ಯಾಡಾದ್ದು ಹೆಚ್ಚು. ಸೋಯಾ ಕೆಟ್ಟದ್ದಲ್ರಿ. ಸೂಪು ವಿಷಾನೂ ಅಲ್ಲ. ಅದನ್ನ ಊಟ ಅಂತ ಹಿಡದದ್ದು ತಪ್ಪಾತು, ಅಷ್ಟ."

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿಗೆ ಒರಗಿ ನಿದ್ದೆಹೋದರು. ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಕ್ಕರೆಯಿಂದಲೇ ಕೊಟ್ಟಿದ್ದಳು. ಅಕ್ಷರವೂ ಬರುತ್ತಿತ್ತು. ಆದರೂ ಹೀಗಾಯಿತು.

ಮರುದಿನದಿಂದ ಮೆತ್ತಗೆ ಬೇಯಿಸಿದ ಮಡಕಿಕಾಳಿನ ಉಸಳಿ, ಗಟ್ಟಿ ಬೇಳೆ, ಹಾಲು, ಮೊಸರಿನಲ್ಲಿ ಕಲಸಿದ ಶೇಂಗಾ ಪುಡಿ, ಮೃದುವಾದ ಪನೀರ್. ಸೂಪು, ಉಪ್ಪಿನಕಾಯಿ, ಹಪ್ಪಳ ಬಂದ್. ಸೋನಾಬಾಯಿ ಎರಡು ದಿನ ಮುನಿಸಿಕೊಂಡರು. "ಬಾಯಿಗೆ ರುಚಿ ಬಂದಿತ್ತು, ಅದನ್ನೂ ಕಸಕೊಂಡ್ರಿ."

ನಿಜವಾದ ರಂಪ ಆದದ್ದು ಮುಂದಿನ ರವಿವಾರ. ಕಾಟಾದ ಮೇಲೆ ನಿಂತ ಅವರ ತೂಕ ಮೂರು ಕಿಲೋ ಇಳಿದಿತ್ತು.

"ನೋಡು ಹರ್ಷದ, ನಾ ಒಣಗಾಕತ್ತೇನಿ! ನನ್ನ ಗಡಹಿಂಗ್ಲಜಕ್ಕ ಕಳಿಸಿ ಬಿಡು."

"ಆಯೀ, ತೂಕ ಇಳದದ್ದು ಛಲೋ ಆತ್ರಿ," ಎಂದಳು ಪ್ರಿಯದರ್ಶನಿ.

"ಏರಿದಾಗೂ ಛಲೋ ಅಂದಿ, ಇಳದಾಗೂ ಛಲೋ ಅಂತಿ. ನನಗ ಹುಚ್ಚು ಹಿಡಸ್ತೀಯೇನು?"

ಸೊಸೆ ಕಾಟಾದ ಹತ್ತಿರ ಬಂದಳು. "ಆವಾಗ ನನಗೂ ತಿಳೀಲಿಲ್ರಿ. ತಪ್ಪು ನಂದ," ಎಂದಳು. ಸೋನಾಬಾಯಿ ಅವಳ ಮುಖ ನೋಡಿದರು. ಕಾಟಾದಿಂದ ಇಳಿಯಲು ಮಗನ ಕಡೆ ಚಾಚಿದ್ದ ಕೈಯನ್ನು ಸೊಸೆಯ ಭುಜದ ಮೇಲೆ ಇಟ್ಟರು. ಮೇಲೆ ಬರುವಾಗ, "ಇವತ್ತು ಉಸಳಿಗೆ ಚೂರು ಹುಳಿ ಹಿಂಡು," ಎಂದಷ್ಟೇ ಹೇಳಿದರು.

ಎರಡು ತಿಂಗಳಿಗೆ ರಕ್ತದ ತಪಾಸಣೆ ಸರಿಬಂತು. ಉಸಳಿಯಿಂದಲೋ, ಗುಳಿಗೆಯಿಂದಲೋ, ಜ್ವರ ಬಿಟ್ಟು ದಿನ ಕಳೆದದ್ದರಿಂದಲೋ, ಪ್ರಿಯದರ್ಶನಿ ಫೋನಿನಲ್ಲಿ ಕೇಳಿದಾಗ ಮಯೂರಿಯೂ ಬಿಡಿಸಿ ಹೇಳಲಿಲ್ಲ. ಸೋನಾಬಾಯಿಗೆ ಮಾತ್ರ ಅನುಮಾನವೇ ಇರಲಿಲ್ಲ. ಗಡಹಿಂಗ್ಲಜಕ್ಕೆ ಮರಳಿ, ಬಸದಿಗೆ ನಡೆದು ಹೋಗಿ, ಕೇಳಿದವರಿಗೆಲ್ಲ ಒಂದೇ ಮಾತು ಹೇಳತೊಡಗಿದರು: "ನಮ್ಮ ಸೊಸಿ ಸೋಯಾ ಸೂಪು ಕುಡಿಸಿ ಬದುಕಿಸಿದಳು."

ವಾರದೊಳಗೆ ಜಯಸಿಂಗಪುರದಿಂದ ಹರ್ಷದನ ತಂಗಿ ಪ್ರಣಾಲಿಯ ಫೋನ್ ಬಂತು.

"ವೈನಿ, ಆ ಸೂಪಿನ ಹೆಸರೇನು? ನಮ್ಮ ಅತ್ತಿನೂ ಭಾಳ ಅಶಕ್ತ ಆಗ್ಯಾರ."

ಪ್ರಿಯದರ್ಶನಿ ಇಪ್ಪತ್ತು, ಆರು, ಎರಡು ಪಾಯಿಂಟ್ ನಾಲ್ಕು ಎಂದು ಶುರುಮಾಡಿದಳು. ಆ ಕಡೆಯಿಂದ "ಹಾಂ? ಏನಂದ್ರಿ?" ಎಂಬ ದನಿ ಬಂತು. ತಾನು ಹೇಳುತ್ತಿರುವುದು ತನಗೇ ಗೋಜಲಾಗಿ ಕೇಳಿಸಿ ಪ್ರಿಯದರ್ಶನಿ ನಿಲ್ಲಿಸಿದಳು.

"ಅದು ಇರಲಿ ಪ್ರಣಾಲಿ. ನಿಮ್ಮ ಅತ್ತಿ ಇವತ್ತು ಮುಂಜಾನಿಂದ ಏನೇನು ತಿಂದಾರ?"

"ಏ, ನಾ ಲಕ್ಷ್ಯಾನ ಕೊಟ್ಟಿಲ್ರಿ ವೈನಿ. ತಡೀರಿ, ಕೇಳಿ ಬರ್ತೀನಿ," ಎಂದು ಪ್ರಣಾಲಿ ಫೋನ್ ಅಲ್ಲೇ ಇಟ್ಟು ಒಳಗೆ ಹೋದಳು.