ಊಟದ ಮೇಜಿನ ದೃಶ್ಯ

ನಾನು ಲಿಫ್ಟ್ ರಿಪೇರಿ ಮಾಡುವವನು. ಎಷ್ಟೇ ಮಹಡಿಯ ಕಟ್ಟಡವಿರಲಿ, ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲೆನೆಂಬ ಜಂಬ ನನಗಿದೆ. ಲಿಫ್ಟಿನೊಳಗೇ ನಡೆಯುವ, ಮೈ ಜುಂ ಎನಿಸುವ ಒಂದು ಸಿನಿಮಾ ಬರೆಯಬೇಕೆಂಬ ಹುಚ್ಚೂ ಇದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಇಪ್ಪತ್ತು ವರ್ಷ ಹಂಗಿಸಿದ ಹೆಂಡತಿ, ಹೋದ ತಿಂಗಳು ತಾನೇ ಹೋಗಿ ಹೆದರಿಸುವ ಚಿತ್ರಕಥೆ ಕಲಿಸುವ ಕ್ಲಾಸಿಗೆ ನನ್ನ ಹೆಸರು ಬರೆಸಿ ಬಂದಳು. ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

ಆಗಲೇ ನನ್ನ ಗಂಟಲು ಕಟ್ಟಿ ದನಿ ಒಡೆದು ಎರಡು ತಿಂಗಳಾಗಿತ್ತು. ಆಸ್ಪತ್ರೆಯವರು ಒಳಗಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟು ತಂದವಳೂ ಅವಳೇ.

"ಬರೀ ಊತ ಅಂತೆ. ಮಾತು ಕಮ್ಮಿ ಮಾಡ್ಬೇಕಂತೆ" ಎಂದಳು. ಮಾತು ಕಮ್ಮಿ ಮಾಡಿ ಎಂದು ಮದುವೆಯಾದ ದಿನದಿಂದ ಹೇಳುತ್ತಿರುವವಳು, ಅದಕ್ಕೇ ನಂಬಿದೆ.

ಕ್ಲಾಸು ಭಾನುವಾರ ಬೆಳಿಗ್ಗೆ, ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ. ಎಂಟೇ ಜನ. ದೆವ್ವದ ಸಿನಿಮಾ ಕಲಿಸುವ ಮೇಷ್ಟ್ರು ಜಿರಳೆ ಕಂಡರೆ ಕುರ್ಚಿ ಹತ್ತುವ ಆಸಾಮಿ. ಆದರೆ ಪಾಠದಲ್ಲಿ ಗಟ್ಟಿಗರು.

"ದೆವ್ವ ತೋರಿಸಿದ್ರೆ ಜನ ಒಂದ್ಸಲ ಬೆಚ್ತಾರೆ, ಅಷ್ಟೇ. ಎಲ್ರಿಗೂ ಗೊತ್ತಿರೋದು ಒಬ್ಬನಿಗೆ ಮಾತ್ರ ಗೊತ್ತಿಲ್ಲ ಅಂತ ತೋರ್ಸಿ, ಕೊನೇ ತನಕ ಉಸಿರು ಬಿಗಿ ಹಿಡ್ಕೊಂಡು ಕೂರ್ತಾರೆ. ಮುಂದಿನ ವಾರಕ್ಕೆ ಅಂಥ ಒಂದು ಊಟದ ದೃಶ್ಯ ಬರ್ಕೊಂಡು ಬನ್ನಿ. ವಿವರಗಳನ್ನ ನಿಮ್ಮ ಮನೆಯಿಂದ್ಲೇ ಕದೀರಿ."

ವಾರವಿಡೀ ಕದ್ದೆ. ಬರೆದದ್ದು ಇಷ್ಟು: ಅಪ್ಪ ಒಳಗೆ ಬಂದೊಡನೆ ಅಮ್ಮ, ಮಗಳು ಮಾತು ನಿಲ್ಲಿಸುತ್ತಾರೆ. ಫ್ಯಾನಿನ ಕೆಳಗಿನ ಕುರ್ಚಿಗಾಗಿ ದಿನಾ ಜಗಳ ಕಾಯುವ ಮಗಳು ಎದ್ದು ಅದನ್ನು ಅಪ್ಪನಿಗೆ ಬಿಡುತ್ತಾಳೆ. ಏಳು ವರ್ಷ ಮಾತು ಬಿಟ್ಟಿದ್ದ ಭಾವಮೈದುನ ಫೋನ್ ಮಾಡಿ "ಹೇಗಿದ್ದೀರಿ ಭಾವ?" ಎನ್ನುತ್ತಾನೆ. ಉಪ್ಪಿಲ್ಲ ಎಂದು ರೇಗಿದರೆ ಹೆಂಡತಿ ತಿರುಗಿ ಬೀಳದೆ ಉಪ್ಪು ತಂದಿಡುತ್ತಾಳೆ. ಕೊನೆಗೆ ಆ ಮನೆಯಲ್ಲಿ ಅವನ ಮೇಲೆ ಸಿಟ್ಟಾಗುವವರೇ ಯಾರೂ ಉಳಿದಿಲ್ಲ.

ಕ್ಲಾಸಿನಲ್ಲಿ ಓದಿದೆ. ಒಡೆದ ದನಿ ಕಥೆಗೆ ಚೆನ್ನಾಗಿಯೇ ಒದಗಿತು.

"ಶಭಾಷ್, ಲಿಫ್ಟಣ್ಣ!" ಎಂದರು ಮೇಷ್ಟ್ರು. "ಅವನಿಗೆ ಗೊತ್ತಿಲ್ದೇ ಇರೋದು ಏನು? ಕೊಲೆ ಮಾಡೋಕೆ ಸಂಚು ಹೂಡಿದಾರಾ?"

"ಅದಿನ್ನೂ ಯೋಚನೆ ಮಾಡಿಲ್ಲ ಸಾರ್."

ಹಿಂದಿನ ಸಾಲಿನಿಂದ ನಿವೃತ್ತ ನರ್ಸಮ್ಮ ಕನ್ನಡಕ ತೆಗೆಯುತ್ತಾ ಹೇಳಿದರು: "ಕೊಲೆನೂ ಇಲ್ಲ, ಗಿಲೆನೂ ಇಲ್ಲ. ಅವನಿಗೆ ವಾಸಿಯಾಗದ ಕಾಯಿಲೆ. ಮನೆಯವರು ಮುಚ್ಚಿಟ್ಟಿದಾರೆ. ಮೂವತ್ತು ವರ್ಷ ವಾರ್ಡಲ್ಲಿ ಇಂಥ ಮನೆಯವರನ್ನೇ ನೋಡಿದೀನಿ. ಎಷ್ಟು ಸರಿಯಾಗಿ ಬರೆದಿದೀರಪ್ಪಾ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ದೃಶ್ಯದಲ್ಲಿ ನಾನು ಕಲ್ಪಿಸಿದ್ದು ಒಂದೇ ಒಂದು ಸಾಲೂ ಇರಲಿಲ್ಲ. ಹೆಂಡತಿ ಈ ಕ್ಲಾಸಿಗೆ ಹೆಸರು ಬರೆಸಿದ್ದು? ಅದೂ ಅದೇ ಸಾಲಿಗೆ ಸೇರುವಂಥದ್ದು. ಕೂತಿದ್ದ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಭಯವಾಯಿತು, ಸುಳ್ಳೇಕೆ ಹೇಳಲಿ.

ಮನೆಗೆ ಬಂದಾಗ ಮಧ್ಯಾಹ್ನದ ಊಟಕ್ಕೆ ತಟ್ಟೆ ಹಾಕುತ್ತಿದ್ದರು. ರಿಪೋರ್ಟ್ ಎಲ್ಲಿ ಎಂದು ಕೇಳಲು ಬಾಯಿ ಬರಲಿಲ್ಲ.

"ಹೋಮ್‌ವರ್ಕ್ ಓದ್ತೀನಿ, ಕೇಳಿ" ಎಂದೆ.

ನರ್ಸಮ್ಮನ ಮಾತು ತಪ್ಪಾಗಿದ್ದರೆ ಹೆಂಡತಿ ಬೈದೇ ಬೈಯುತ್ತಾಳೆ. ಮನೆ ಮರ್ಯಾದೆ ಬೀದಿಗೆ ತಂದಿರಾ ಎನ್ನುತ್ತಾಳೆ, ಹಾಳೆ ಕಿತ್ತುಕೊಳ್ಳುತ್ತಾಳೆ. ಬೈಗುಳಕ್ಕಾಗಿ ನಾನು ಜನ್ಮದಲ್ಲಿ ಅಷ್ಟು ಆಸೆಪಟ್ಟಿರಲಿಲ್ಲ. ಒಂದೊಂದೇ ಸಾಲು ಓದಿದೆ. ಕುರ್ಚಿ ಓದಿದೆ, ಫೋನು ಓದಿದೆ, ಉಪ್ಪು ಓದಿದೆ. ಹಾಳೆ ಮಡಚಿ ಕಾದೆ.

ಹೆಂಡತಿ ನನ್ನ ಕಡೆ ನೋಡಲೇ ಇಲ್ಲ. ಮೆಲ್ಲಗೆ ಮಗಳ ಕಡೆ ತಿರುಗಿದಳು.

ಮಗಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ನಾನು ಹೇಳಿಲ್ಲಮ್ಮಾ" ಎಂದಳು. "ನಿನ್ನಾಣೆ, ಅಪ್ಪಂಗೆ ನಾನು ಏನೂ ಹೇಳಿಲ್ಲ."