ಹೆಸರು ಹಿಡಿದು ಕೂಗಿದಳು

ಮದುವೆಯಾಗಿ ಇಷ್ಟು ವರ್ಷವಾದರೂ ರೇಣುಕಾದೇವಿ ಗಂಡನ ಹೆಸರನ್ನು ಬಾಯಿಗೆ ತಂದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವಳ ಕೈಯಲ್ಲಿ ಹೇಳಿಸುತ್ತಿದ್ದಳು. ಅತ್ತೆ ಆದಮ್ಮನ ಮನೆಯ ಕಾಯಿದೆ ಅದು, ಮುರಿದವರ ಗತಿ ಮುಗೀತು! ಗಂಡ ದುರುಗೇಶ ಸಿಂಧನೂರಿನ ಅಕ್ಕಿ ಮಿಲ್ಲಿನಲ್ಲಿ ಹಮಾಲ. ಅವಳು ಅಲ್ಲೇ ಉದುರಿದ ಭತ್ತ ಗುಡಿಸುವಾಕೆ.

ಹೋದ ತಿಂಗಳು ಒಂದರ ಮೇಲೊಂದು ಪೇರಿಸಿದ ಚೀಲದ ನಿಟ್ಟು ಜರಿದು ಜೊತೆಯ ಹಮಾಲ ವಿರೇಶನ ಭುಜ ಮುರಿದಿತ್ತು. ಅಂದೇ ಮೇಸ್ತ್ರಿ ಲಾಲ್‌ಸಾಬ್ ಎಲ್ಲರನ್ನೂ ಕೂಡಿಸಿ ಬೈದಿದ್ದ.

"ನಿಟ್ಟಿನ ಬುಡಕ ಯಾರೂ ನಿಂದ್ರಬ್ಯಾಡ್ರಿ. ಚೀಲ ಜಾರಿದ್ರ 'ಹುಷಾರ್' ಅಂತ ಒದರಬ್ಯಾಡ್ರಿ, ಎಲ್ಲಾರೂ ಬಾಯಿ ತಕ್ಕೊಂಡು ಮ್ಯಾಲ ನೋಡ್ತಾರ. ಬುಡಕ ಇದ್ದವನ ಹೆಸರು ಹಿಡಿದು ಒದರ್ರಿ. ಹೆಸರು ಕೇಳಿದ್ರ ಕಾಲು ತಾನಾ ಓಡ್ತಾವ."

"ನಮ್ಮನಿಯವರ ಹೆಸರು ಹೆಂಗ ಹಿಡೀಲಿ ಕಾಕಾ?" ಎಂದಳು ರೇಣುಕಾದೇವಿ. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೀ ಚಿಂತಿ ಮಾಡಬ್ಯಾಡ. ಚೀಲಕ್ಕ ನನ್ನ ಕಂಡ್ರ ಅಂಜಿಕಿ," ಎಂದ ದುರುಗೇಶ. ಎಂಥಾ ಮಾತು ನೋಡಿ!

ಆ ಧೀರ ಇವತ್ತು ಮಧ್ಯಾಹ್ನ ನಿಟ್ಟಿನ ಬುಡದಲ್ಲೇ ನಿಂತು ರುಮಾಲು ಸುತ್ತಿಕೊಳ್ಳುತ್ತಿದ್ದ. ತಳದ ಚೀಲ ಹರಿದು ಭತ್ತ ಸುರಿಯತೊಡಗಿತ್ತು. ಮೇಲಿನ ಚೀಲಗಳು ಮೆಲ್ಲಗೆ ವಾಲಿದ್ದು ಕಂಡದ್ದು ರೇಣುಕಾದೇವಿಗೆ ಮಾತ್ರ.

"ಏನ್ರೀ!" ಎಂದು ಚೀರಿದಳು. ಮಷಿನ್ನಿನ ಸದ್ದಿನಲ್ಲಿ ಯಾರ್‍ಯಾರೋ ತಿರುಗಿ ನೋಡಿದರು, ಅವನೊಬ್ಬ ನೋಡಲಿಲ್ಲ. "ಇಲ್ಲಿ ಕೇಳ್ರೀ!" ಊಹೂಂ. ಚೀಲ ಜಾರಿತು. ಯಾವ ಅತ್ತೆ, ಯಾವ ಕಾಯಿದೆ!

"ದುರುಗೇಶಾ! ಸರಿಯಲೇ!"

ಅವನು ಒಂದೇ ನೆಗೆತಕ್ಕೆ ಬಾಗಿಲ ಬಳಿ ಬಿದ್ದ. ನಿಂತಿದ್ದ ಜಾಗದ ಮೇಲೆ ಚೀಲಗಳು ದಬದಬನೆ ಉರುಳಿದವು. ಧೂಳು ಇಳಿದ ಮೇಲೆ ನೋಡಿದರೆ ಆಸಾಮಿಗೆ ಒಂದು ಗೀರೂ ಇಲ್ಲ. ಮೈ ಕೊಡವಿ ಎದ್ದು, "ಇನ್ನೊಮ್ಮಿ ಕರಿ ನೋಡೂನು," ಎಂದ. ರೇಣುಕಾದೇವಿ ಅಳುತ್ತ, ನಗುತ್ತ ಕಸಬರಿಗೆ ಹಿಡಿದು ಅಟ್ಟಿಸಿಕೊಂಡು ಹೋದಳು.

ಸುದ್ದಿಗೇನು, ಕಾಲಿರಬೇಕೇ? ಸ್ವಲ್ಪ ಹೊತ್ತಿನಲ್ಲೇ ಆದಮ್ಮ ಗಂಡ ನರಸಣ್ಣನನ್ನು ಕರೆದುಕೊಂಡು ಆಟೋದಲ್ಲಿ ಬಂದಿಳಿದಳು. ಮಗನ ಮೈಯೆಲ್ಲ ಸವರಿ ನೋಡಿ, ಆಮೇಲೆ ಸೊಸೆಯ ಕಡೆ ತಿರುಗಿದಳು. ರೇಣುಕಾದೇವಿ ಸೆರಗು ಹೊದ್ದು ನಿಂತಳು.

"ಹೆಸರು ಹಿಡದಿ ಅಂತಲ್ಲ?"

"ಹೂಂ ಅತ್ತಿ."

"ಮತ್ತ 'ಲೇ' ಅಂತಾನೂ ಅಂದಿ ಅಂತಲ್ಲ?"

ರೇಣುಕಾದೇವಿ ಉತ್ತರ ಕೊಡುವ ಮೊದಲೇ ಆದಮ್ಮನ ಕಣ್ಣು ಅವಳ ಹೆಗಲಿನಾಚೆ ನೆಟ್ಟಿತು. ಅಲ್ಲಿ ನರಸಣ್ಣ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಅರ್ಧ ಉಳಿದ ನಿಟ್ಟಿನ ಬುಡದಲ್ಲೇ ನಿಂತು ಮೇಲೆ ನೋಡುತ್ತಿದ್ದ.

ಆದಮ್ಮ ಬಾಯಿ ತೆರೆದಳು, ಮುಚ್ಚಿದಳು.

"ನರಸಣ್ಣಾ! ಈ ಕಡಿ ಬಾರಲೇ ಮುದುಕಾ!"

ಮುದುಕ ಬಿದ್ದೆನೋ ಎದ್ದೆನೋ ಎಂದು ಓಡಿ ಬಂದ. ಹಮಾಲರ ಶಿಳ್ಳೆ, ಕೇಕೆ, ರೇಣುಕಾದೇವಿಯ ನಗು, ಯಾವುದೂ ಅವನ ಕಿವಿಗೆ ಬೀಳಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ ಕೇಳಿದ:

"ನನ್ನ ಹೆಸರು ನಿನಗ ಗೊತ್ತೈತೇನ?"